ಸಣ್ಣ ಸುತ್ತಿಗಿ

ಮೊದಲು ಬೋರ್ಡಿನ ಮ್ಯಾಲೆ ಡಾಂಬರು ಬಳಿದ್ರು.
'ಕಾಡಯ್ಯ ಗವಾಯಿ ಸಂಗೀತ ಪಾಠಶಾಲೆ' ಅಂತಿದ್ದಲ್ಲಿ
'ಸಂಗೀತ ಪಾಠಶಾಲೆ' ಅಷ್ಟ ಉಳೀತು.
ಬ್ಯಾಸಗಿಗಿ ಡಾಂಬರು ಕರಗಿ, ಇಳಿದು ಇಳಿದು
'ಸಂಗೀತ'ದ ಸೊನ್ನೀನೂ ನುಂಗಿತು.
ಸಿಂಧನೂರಿನ ಬಿಸಿಲು ಎಲ್ಲಿ ನಿಲ್ಲಬೇಕಂತ ಕೇಳಂಗಿಲ್ಲ.

ಮಠದ ಮೈಕಿನಾಗ ಮುಂಜಾನಿ ಐದಕ್ಕ ಬರ್ತಿದ್ದ ದನಿ ನಿಂತಿತು.
ಹದಿನೈದು ದಿನ ಓಣಿಗಿ ಸರಿಯಾಗಿ ಎಚ್ಚರ ಆಗಲಿಲ್ಲ.
ನಗರಸಭಿಯವರು ಶಾಲು ಹೊಚ್ಚಿದ ಫೋಟೋ ಗ್ವಾಡಿಯಿಂದ ಇಳೀತು,
ಮೊಳಿ ಹಂಗ ಉಳೀತು.
ಅದಕ್ಕೀಗ ಗೊಬ್ಬರದಂಗಡಿ ಕ್ಯಾಲೆಂಡರ್ ತೂಗ್ತದ.

ಆದರ ಅಕ್ಕಿ ಮಿಲ್ಲಿನಾಗ
ರಾತ್ರಿ ಪಾಳಿ ಹಮಾಲರು
ಚೀಲದ ಸಂದ್ಯಾಗ ಮೊಬೈಲ್ ಇಟ್ಟು ಕೇಳ್ತಾರ.
ಯಾರದಪಾ ಅಂದ್ರ, ಯಾರದೋ, ಅಂತಾರ.
ಹೈಸ್ಕೂಲ್ ಮಾಸ್ತರು ಚಾದಂಗಡ್ಯಾಗ ಬಸಿ ತಿರುವುತ್ತ,
'ಬಾವಿ ತೋಡಿದವ ಕೆಟ್ಟವ ಅಂತ ನೀರು ಬಿಡ್ತೀವೇನು?'
ಬಾಜೂ ಕುಂತ ಟಂಟಂ ದ್ಯಾವಪ್ಪ ತನ್ನ ಬಸಿ ನೆಲಕ್ಕಿಟ್ಟ.
'ಆ ಬಾವ್ಯಾಗ ನಿಮ್ಮನಿ ಕೂಸು ಬಿದ್ದಿದ್ದರ, ಸರ?'
ಆಮ್ಯಾಲೆ ಯಾರೂ ಇನ್ನೊಂದು ಕಪ್ಪು ಕೇಳಲಿಲ್ಲ.

ನಾನೂ ಅಲ್ಲೇ ಇದ್ದೆ. ಏನೂ ಅನಲಿಲ್ಲ.
ಆ ಹಾಡಿನೊಳಗ ನನ್ನ ಕೈಗಳೂ ಅದಾವ,
ಇಪ್ಪತ್ತೆರಡು ವರ್ಷ ಅವನ ಬಾಜೂ ಕುಂತು ಬಾರಿಸಿದ ಕೈ.
ಡಾಂಬರು ನನ್ನ ಹೆಸರಿಗಿ ಹತ್ತಲಿಲ್ಲ.
ಬೋರ್ಡಿನ ಮ್ಯಾಲೆ ನನ್ನ ಹೆಸರ ಇದ್ದಿಲ್ಲ.

ರಾಯಚೂರು ಕೋರ್ಟಿನಾಗ ಕೇಳಿದ್ರು:
ಮೌಲಾಸಾಬ, ಒಳಗಿನ ಖೋಲಿ ಬಾಗಿಲು ಹಾಕಿದಾಗ
ನೀವೆಲ್ಲಿದ್ರಿ?
ಪಡಸಾಲ್ಯಾಗ, ಸಾಹೇಬ್ರ.
ಏನರ ಕೇಳಿಸ್ತೇನು?
ತಬಲಾ ಶ್ರುತಿ ಮಾಡ್ತಿದ್ದೆ, ಸಾಹೇಬ್ರ,
ಸುತ್ತಿಗಿ ಸಪ್ಪಳದಾಗ ಬ್ಯಾರೆ ಏನೂ ಕೇಳಂಗಿಲ್ಲ.
ಬರಕೊಂಡ್ರು. ಸಹಿ ಮಾಡಿದೆ.
ಖರೇನ ಹೇಳಿದ್ದೆ.

ಶ್ರುತಿ ಆಗಲೇ ಕೂಡಿತ್ತು ಅಂಬೋದು
ಅವರು ಕೇಳಲಿಲ್ಲ, ನಾ ಹೇಳಲಿಲ್ಲ.
ಕೂಡಿದ ಶ್ರುತೀನ ಬಡದೆ.
ಏರಿಸಿದೆ, ಇಳಿಸಿದೆ, ಮತ್ತ ಏರಿಸಿದೆ,
ಬಾಗಿಲು ತೆರಿಯೋತನ.

ಅವಗ ಹತ್ತು ವರ್ಷ ಆತು.
ಪೇಪರಿನವರು ಆಕಿ ಹೆಸರು ಬರೀಲಿಲ್ಲ, ಕಾನೂನು ಹಂಗ ಅದ.
'ಬಾಲಕಿ' ಅಂತ ಹಾಕಿದ್ರು.
ನನಗ ಗೊತ್ತದ. ನಾನೂ ಹೇಳಂಗಿಲ್ಲ.

ಹೋದ ವಾರ ಬಂದಿದ್ಲು.
ದವಾಖಾನಿ ಲ್ಯಾಬಿನಾಗ ರಕ್ತ ತಪಾಸ ಮಾಡ್ತಾಳಂತ ಈಗ.
ಕುಂದ್ರಲಿಲ್ಲ. ನಿಂತಲ್ಲೇ ಮೊಬೈಲ್ ತೆಗೆದು
ಹಾಡು ಹಚ್ಚಿದ್ಲು, ನಡುವಿಗಿ ಸರಿಸಿದ್ಲು.
ಅವನು ಇಳಿದು ಉಸಿರು ತಗೊಳ್ಳೋ ಕಡೆ
ಹಿಂದಿಂದ ಒಂದು ದನಿ ಏಳ್ತದ,
ತಂಬೂರಿ ಮೀಟ್ಕೋತ, ಹದಿಮೂರು ವರ್ಷದ್ದು,
ಅರ್ಧ ಸಾಲು.
'ಇಷ್ಟು ನಂದು, ಮಾಮಾ.
ಅಳಸ್ರಿ ಅನ್ನೋರಿಗೂ ಗೊತ್ತಿಲ್ಲ, ಉಳಸ್ರಿ ಅನ್ನೋರಿಗೂ ಗೊತ್ತಿಲ್ಲ.'

ನಿನಗೇನಾಗಬೇಕವ್ವಾ, ಅಂತ ಕೇಳಿದೆ.
ಆಕಿ ತಬಲಾದ ಬಾಜೂಕಿದ್ದ ಸುತ್ತಿಗಿ ತಗೊಂಡ್ಲು,
ಕಿರಾಣಿ ಅಂಗಡ್ಯಾಗ ಬೆಲ್ಲ ತೂಗಿ ನೋಡೋರಂಗ
ಅಂಗೈಯಾಗ ಏಳಿಸಿ ನೋಡಿದ್ಲು.
'ಎಷ್ಟು ಹಗುರ ಅದ,' ಅಂದ್ಲು.
ಇಟ್ಟು ಹೋದ್ಲು.

ಈಗ ನಾ ಬಾಗಿಲು ತೆರೆದಿಟ್ಟ ಶ್ರುತಿ ಮಾಡ್ತೀನಿ.
ಗಂಗಾವತಿ ರಸ್ತೆ ಧೂಳು ಬಂದು ಕರಿ ಶಾಯಿ ಮ್ಯಾಲೆ ಕೂಡ್ತದ.
ಒರಸ್ತೀನಿ, ಮತ್ತ ಕೂಡ್ತದ.

ಇವತ್ತು ಓಣ್ಯಾಗ ಯಾರದೋ ಮದಿವಿ.
ಮೈಕಿನಾಗ ಅವ ಹಾಡಾಕತ್ಯಾನ, ಹೆಸರಿಲ್ಲದ.
ಮೈಕಿನಾಗ ನಾನೂ ಬಾರಸಾಕತ್ತೀನಿ,
ಕೈ ಮಾತ್ರ ತೊಡಿ ಮ್ಯಾಲೆ ಸುಮ್ನ ಬಿದ್ದಾವ.
ಮಾತ್ರಿ ಎಣಿಸ್ಕೋತ ಕುಂತೆ, ಆ ಕಡೆ ಬರೋತನ.
ಬಂತು ಆ ಅರ್ಧ ಸಾಲು.
ಮೈಕ್ ಸೆಟ್ಟಿನ ಹುಡುಗ ಅಲ್ಲೇ ಸಪ್ಪಳ ಸಣ್ಣದು ಮಾಡಿದ,
ಊಟಕ್ಕ ಕರಿಯೋದಿತ್ತಂತ.