ನಾಲ್ಕು ಮಾರು ಹಗ್ಗ

ಸಬಾಯಾ ದಾಟಿದ ಮೇಲೆ ದಾರಿಯೆಂಬುದೊಂದಿಲ್ಲ,
ಹೋದವರ ಚಕ್ರದ ಗೆರೆಗಳಿವೆ, ಹದಿನಾರೋ ಇಪ್ಪತ್ತೋ,
ಒಂದೊಂದೂ ಒಬ್ಬೊಬ್ಬನ ಹಟ.
ಸೆವೇರೋ ಎಡದ್ದು ಹಿಡಿದ. ನಾನು ಬಲದ್ದು.
ಒಂದು ಲೇತ್ ಯಂತ್ರದ ಪಾಲಿಗೆ
ಮೂರು ವರ್ಷ ಮಾತು ಬಿಟ್ಟವರು ನಾವು.
ಮೊನ್ನೆ ಒರೂರೋದ ನನ್ನ ಬಾಗಿಲಿಗೆ ಬಂದು
ಎಂಜಿನ್ ಆರಿಸದೆ ನಿಂತ.
ನಾನೂ ಏನೂ ಕೇಳದೆ ಹೆಲ್ಮೆಟ್ಟು ಹುಡುಕಿದೆ.
ಇಪ್ಪತ್ತರ ಹರೆಯದಲ್ಲಿ ಕಟ್ಟಿದ ಪಣ ಅದು:
ಚಿಲಿಯ ಗಡಿಯ ಕಬ್ಬಿಣದ ಗೂಟ ಮುಟ್ಟಿ
ಉಚ್ಚೆ ಹೊಯ್ದು ಬರುವುದು.

ನಾಲ್ಕು ಸಾವಿರ ಮೀಟರಿನಲ್ಲಿ ಗಾಳಿಗೇ ಉಸಿರು ಸಾಲದು.
ತೋಲಾ ಪೊದೆಯಾಚೆ ವಿಕುನ್ಯಾಗಳು ಕತ್ತೆತ್ತಿ ನೋಡಿದವು
ಮದುವೆಗೆ ಕರೆಯದೆ ಬಂದವರನ್ನು ನೋಡುವ ಹಾಗೆ.
ಬಾಯಲ್ಲಿ ಕೋಕಾ ಎಲೆಯ ಉಂಡೆ, ಕೆನ್ನೆ ಮರಗಟ್ಟಿ,
ಹಲ್ಲಿನ ಸಂದಿಯಲ್ಲಿ ಉಪ್ಪಿನ ಧೂಳು.
ಮಧ್ಯಾಹ್ನ ಮೂರಕ್ಕೆ ಒಣಹೊಳೆಯ ಮರಳಲ್ಲಿ
ನನ್ನ ಕ್ಲಚ್ಚು ಸುಟ್ಟ ವಾಸನೆ ಬಂತು.
ಮೆಕ್ಯಾನಿಕ್ಕಿನ ಗಾಡಿ! ಅವನು ನಗಲಿಲ್ಲ.
ನಕ್ಕಿದ್ದರೆ ಚೆನ್ನಾಗಿತ್ತು.

ನೈಲಾನ್ ಹಗ್ಗ ಎರಡು ಸಲ ಕಡಿಯಿತು.

ಲಾಮಾಗಳ ಹಿಂದೆ ಬಂದಳು ಒಬ್ಬ ಮುದುಕಿ,
ಅವುಗಳ ಕಿವಿಗೆ ಕೆಂಪು ಉಣ್ಣೆಯ ಕುಚ್ಚು, ಅವಳ ಟೊಪ್ಪಿಗೆ ತೂತು.
"ಅಜ್ಜಿ, ಇದು ಯಾವ ದೇಶ?" ಅಂದೆ.
ನಾಲಿಗೆ ಹೊರಚಾಚಿ ಗಾಳಿಯ ರುಚಿ ನೋಡಿದಳು.
"ಉಪ್ಪಿದೆಯಲ್ಲ, ಇನ್ನೂ ನಮ್ಮದೇ."
ಹೇರಿನ ಮೇಲಿಂದ ಹಗ್ಗ ಬಿಚ್ಚಿದಳು: ಕಪ್ಪು ಬಿಳಿ ಉಣ್ಣೆ,
ಹಾವಿನ ಮೈಯಂತೆ ಹೆಣೆದದ್ದು.
ತೋಳು ಚಾಚಿ ಅಳೆದಳು, ಒಂದು ಮಾರು, ಎರಡು, ಮೂರು, ನಾಲ್ಕು.
"ನನ್ನ ಗಂಡ ಹೊಸೆದದ್ದು. ತಂದು ಕೊಡಿ."
ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ.

ಎಳೆಸಿಕೊಳ್ಳುವವನು ಹಗ್ಗಕ್ಕೆ ಗಂಟು ಹಾಕಬಾರದು.
ಫುಟ್‌ರೆಸ್ಟಿಗೆ ಒಂದೇ ಸುತ್ತು ಸುತ್ತಿ
ತುದಿಯನ್ನು ಬೂಟಿನಡಿ ಒತ್ತಿ ಹಿಡಿಯಬೇಕು.
ಮುಂದಿನವನು ಬಿದ್ದರೆ, ಹುಚ್ಚೆದ್ದರೆ,
ಕಾಲೆತ್ತಿದರೆ ಸಾಕು, ನೀನು ಬೇರೆ, ಅವನು ಬೇರೆ.
ಇದನ್ನು ನನಗೆ ಕಲಿಸಿದವನೂ ಅವನೇ.

ಕತ್ತಲಾಯಿತು. ಅವನ ಹಿಂದೀಪ ಒಡೆದಿತ್ತು.
ಕಂಡದ್ದು ಧೂಳು; ಧೂಳಿನೊಳಗೆ ಹೋಗುವ ಹಗ್ಗ.
ಸಡಿಲಾದರೆ ಇಳಿಜಾರು, ನಾನು ಬ್ರೇಕು ಒತ್ತಬೇಕು.
ಬಿಗಿದರೆ ಏರು. ಒದರಿದರೆ ಕಲ್ಲು.
ಒಮ್ಮೆ, ಸಪಾಟು ನೆಲದಲ್ಲಿ, ಎರಡು ಸಲ ಜಗ್ಗಿತು:
ಇದ್ದೀಯಾ ಅಂತಲೋ, ಬರೀ ಗುಂಡಿಯೋ.
ಗೂಟ ಎಲ್ಲೋ ಬಲಕ್ಕೆ ಉಳಿಯಿತು, ಇಬ್ಬರಿಗೂ ಕಾಣಲಿಲ್ಲ.
ನಂಬರಿಲ್ಲದ ಕಾರುಗಳು ದೀಪ ಆರಿಸಿಕೊಂಡು
ಪಕ್ಕದಲ್ಲೇ ಹಾದು ಹೋದವು.
ನಲವತ್ತೊಂದು ಕಿಲೋಮೀಟರು
ನನ್ನ ಪಾದ ಏಳಲಿಲ್ಲ.

ಪಿಸಿಗಾದ ಚೌಕಿಯಲ್ಲಿ ಮೀಸೆ ಮೂಡದ ಸಿಪಾಯಿ
ಟಾರ್ಚನ್ನು ಹಗ್ಗದುದ್ದಕ್ಕೂ ಹರಿಸಿದ.
"ಏನು ಸಾಗಿಸುತ್ತಿದ್ದೀರಿ?"
"ಇವನನ್ನು," ಅಂದ ಸೆವೇರೋ.

ಇಳಿಯಲು ಹೋದರೆ ಕಾಲು ಮರದ ಕೊರಡು.
ಅವನು ಕುಕ್ಕರುಗಾಲಲ್ಲಿ ಕೂತು
ಎರಡೂ ಕೈಯಿಂದ ನನ್ನ ಬೂಟನ್ನೆತ್ತಿ
ಹಗ್ಗ ಬಿಡಿಸಿದ, ಧೂಳು ಕೊಡವಿದ, ತೋಳು ಚಾಚಿ ಅಳೆದ.
"ಮೂರೂವರೆಯೇ ಇದೆ."
"ಅಜ್ಜಿಯ ತೋಳು ಗಿಡ್ಡ, ಪೆದ್ದ."
"ಇಲ್ಲ, ಅವಳು ಎಣಿಸಿದ್ದೇ ತಪ್ಪು."
ಸಿಪಾಯಿ ಬಂದೂಕು ಗೋಡೆಗೊರಗಿಸಿ
ತಾನೂ ಒಂದು ಸಲ ಅಳೆದು ನೋಡಿದ.