ಜೂನ್ ಒಂದು

ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಟೀವಿಯಲ್ಲಿ
ಟೈ ಕಟ್ಟಿದ ನಾಲ್ವರು ಒಂದೇ ಸಲ ಕೂಗುತ್ತಿದ್ದರು:
ಹದಿನೆಂಟು ತುಂಬಿದವರೆಲ್ಲ ಎರಡು ವರ್ಷ
ದೇಶಕ್ಕೆ ದುಡಿಯಲೇಬೇಕು, ಕಾನೂನು ಬರಲಿ.
ಬೇರೆ ಯಾವುದೋ ದೇಶದಲ್ಲಿ ಹಿಂದೊಮ್ಮೆ
ಹುಟ್ಟಿದ ತಾರೀಖುಗಳ ಚೀಟಿ ಡಬ್ಬಿಗೆ ಹಾಕಿ
ಎತ್ತುತ್ತಿದ್ದರಂತೆ. ಎದ್ದ ತಾರೀಖಿನವರು
ಗಂಟು ಕಟ್ಟಬೇಕು.

ನನ್ನ ಬಶಿಯ ಚಹಾ ಆರಿತು.

ಭೀಮೆಯ ದಂಡೆಯ ಶಾಲೆಯಲ್ಲಿ
ಮೂವತ್ತೊಂದು ವರ್ಷ ದಾಖಲಾತಿ ಬರೆದವನು ನಾನು.
ಮಗುವಿನ ಕೈ ನೆತ್ತಿಯ ಮೇಲಿಂದ ಹಾಯ್ದು
ಆಚೆ ಕಿವಿ ಮುಟ್ಟಿತೆಂದರೆ ವಯಸ್ಸಾಯಿತು.
ಹುಟ್ಟಿದ ದಿನ? ಜೂನ್ ಒಂದು.
ಸಾಬಣ್ಣ, ಜೂನ್ ಒಂದು. ಮೌಲಾಲಿ, ಜೂನ್ ಒಂದು.
ಯಂಕಮ್ಮ, ಅವಳ ಬೆನ್ನಿಗೆ ಬಿದ್ದ ತಂಗಿ,
ಸರಿಯಾಗಿ ಒಂದು ವರ್ಷಕ್ಕೆ, ಜೂನ್ ಒಂದು.
ಇಡೀ ಊರು ಒಂದೇ ತೊಟ್ಟಿಲಲ್ಲಿ
ನನ್ನ ಶಾಯಿಯಿಂದ ಹುಟ್ಟುತ್ತಿತ್ತು.

ಆ ಚೀಟಿಯೇ ಎದ್ದರೆ
ಊರಿಗೆ ಊರೇ ಟಂಟಂ ಹತ್ತಬೇಕು.
ಕ್ರಿಕೆಟ್ಟಿಗೆ ಕೀಪರ್ ಇಲ್ಲ,
ಹೆಣಕ್ಕೆ ನಾಲ್ಕನೆಯ ಹೆಗಲಿಲ್ಲ.
ಏಳದಿದ್ದರೆ ಒಬ್ಬನೂ ಹೋಗುವುದಿಲ್ಲ,
ಪಕ್ಕದೂರವರು ನಮ್ಮನ್ನು ಹೇಡಿಗಳೆನ್ನುತ್ತಾರೆ.

ನಕ್ಕುಬಿಟ್ಟೆ. ಬಾಜೂ ಕೂತ ಚಂದಪ್ಪಜ್ಜ ನಗಲಿಲ್ಲ.
"ಬಿಟ್ಟಿ ಅಂತಿದ್ರು ಆಗ.
ನಿಜಾಮನ ಕಾಲದಾಗ ನಮ್ಮಪ್ಪಗ ಚಾವಡಿ ಮುಂದ ನಿಂದ್ರಿಸಿ
ಗಿರ್ದಾವರನ ಗಂಟು ಹೊರಸ್ತಿದ್ರು, ಸುರಪುರ ತನಕ.
ಅದಕ್ಕ ಹುಟ್ಟಿದ ದಿನ ಯಾರೂ ಕೇಳ್ತಿರಲಿಲ್ಲ ಮಾಸ್ತರ,
ಹುಟ್ಟಿದ ಕೇರಿ ಸಾಕಾಗಿತ್ತು."
ಬೀಡಿ ಹಚ್ಚಿ, ಎರಡು ದಮ್ಮು ಎಳೆದ ಮೇಲೆ:
"ಈ ಡಬ್ಬ್ಯಾಗ ದೊಡ್ಡೋರ ಮಕ್ಕಳ ಚೀಟಿನೂ ಇರ್ತಾವೇನು?
ಇದ್ರ ನಾ ಒಲ್ಲೆ ಅನ್ನಂಗಿಲ್ಲ."
ಟೀವಿಯವರು ಅಷ್ಟರಲ್ಲಿ ಜಾಹೀರಾತಿಗೆ ಹೋಗಿದ್ದರು.

ನಿದ್ದೆ ಕೆಡಿಸಿದವನು ಇವರ್ಯಾರೂ ಅಲ್ಲ, ಮರಿಲಿಂಗ.
ಯಾರೂ ಕರೆಯದೆ, ಯಾವ ಕಾನೂನೂ ಇಲ್ಲದೆ
ನಸುಕಿನ ನಾಲ್ಕಕ್ಕೆ ಯಾದಗಿರಿ ರಸ್ತೆಯಲ್ಲಿ
ಲಾರಿಗಳ ಬೆಳಕು ಹಿಡಿದು ಓಡುವವನು.
ಕಲಬುರಗಿಯ ಭರ್ತಿಗೆ ಎರಡು ಸಲ ಹೋಗಿ
ಒಮ್ಮೆ ಎದೆ ಅರ್ಧ ಇಂಚು ಕಡಿಮೆ,
ಇನ್ನೊಮ್ಮೆ ಆರು ಸೆಕೆಂಡು ಹೆಚ್ಚು.
ಈಗ ಎದೆ ಬೆಳೆದಿದೆ, ಕಾಲು ಹಗುರಾಗಿವೆ,
ವಯಸ್ಸು ಮೀರಿದೆ. ನಾಲ್ಕು ತಿಂಗಳು.

ನಿನ್ನೆ ಬಂದು ಕಟ್ಟೆಯ ಕೆಳಗೇ ನಿಂತ.
"ಸರ, ಜೂನ್ ಒಂದು ಅಂತ ನೀವೇ ಬರದಿದ್ದಲ್ರಿ?
ನಾ ಖರೇ ಹುಟ್ಟಿದ್ದು ಅದರ ಮುಂದಿನ ಚಳಿಗಾಲದಾಗಂತ."
ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ನೆನಪಿದೆ ನನಗೆ.
ಬಿಸಿಯೂಟದ ವಾಸನೆಗೆ ದಿನಾ ಕಿಟಕಿ ಹಿಡಿದು ನಿಲ್ಲುತ್ತಿದ್ದ,
ಮೂಗು ಸೋರುವ ಹುಡುಗ.
ಅವನ ಕೈ ಕಿವಿಯವರೆಗೆ ಬಂದಿರಲಿಲ್ಲ.
ನಾನೇ ಬೆರಳು ಹಿಡಿದು ಎಳೆದು ಮುಟ್ಟಿಸಿದೆ.

ಅವನ ಅವ್ವ ದ್ಯಾವಮ್ಮನನ್ನು ಕೇಳಿದೆ.
"ಎಳ್ಳಮಾಸಿ ಮರುದಿನ್ರಿ. ಚರಗ ಚೆಲ್ಲಿ ಬಂದಿದ್ವಿ,
ಕಡಬು ಇನ್ನೂ ಬುಟ್ಟ್ಯಾಗ ಇದ್ವು.
ಹಂಡ ಎಮ್ಮಿನೂ ಅವತ್ತೇ ಈದಿತ್ತು.
ಅದಕ್ಕ ಹೆಣ್ಣು, ನನಗ ಗಂಡು."
ಇಷ್ಟು ಕರಾರುವಾಕ್ಕಾದ ದಾಖಲೆ
ನಾನು ಜನ್ಮದಲ್ಲಿ ಬರೆದಿಲ್ಲ.

ಶಾಲೆಗೆ ಹೋಗಿ ಹಳೆಯ ರಿಜಿಸ್ಟರ್ ತೆಗೆಸಿದೆ.
ನನ್ನದೇ ಗುಂಡಗಿನ ಅಕ್ಷರ, ಹುಳ ಸಹ ಮುಟ್ಟಿಲ್ಲ.
ತಿದ್ದಲು ಕೋರ್ಟಿನ ಆದೇಶ ಬೇಕ್ರಿ,
ಅಂದರು ಈಗಿನ ಹೆಡ್ ಅಕ್ಕೋರು, ಪೆನ್ನು ಒಳಗಿಟ್ಟು.
ನಾಳೆ ಎಂಥದೇ ಡಬ್ಬಿ ತರಲಿ ಅವರು,
ಎಮ್ಮೆ ಈದ ದಿನದ ಚೀಟಿ
ಅದರೊಳಗೆ ಇರುವುದಿಲ್ಲ.

ಇವತ್ತೂ ನಸುಕಿಗೆ ಮನೆಯ ಮುಂದೆ ಹೆಜ್ಜೆ ಸಪ್ಪಳ.
ದಿನಕ್ಕಿಂತ ಬೇಗ ಹಾಯ್ದು ಹೋಯಿತು.