ತಿರುಗುವ ಹೊತ್ತು

ಹದಿನಾಲ್ಕು ಡಿಗ್ರಿಗೇ ಮಂಕಿ ಕ್ಯಾಪ್ ತೊಡುವ ಊರು ನನ್ನದು.
ಅವರೆಕಾಯಿ ಬಂದಿದೆ, ಬೀದಿ ತುಂಬಾ ಸಿಪ್ಪೆ, ಸೊಗಡು.
ಹಲಸೂರಿನ ತಾರಸಿಯ ಮೇಲೆ
ಒಣಹಾಕಿದ ಸೀರೆಗಳ ನಡುವೆ
ಆಳುದ್ದದ ಹಲಗೆ ಎರಡೂ ಕಾಲಿಗೆ ಬಿಗಿದು
ನಿಂತಲ್ಲೇ ತಿರುಗುವುದನ್ನು ಕಲಿಯುತ್ತಿದ್ದೇನೆ.

ಒಂದು ಕಾಲೆತ್ತಿ ಹಿಂದಕ್ಕೆ ಹೊರಳಿಸಿ ಊರಬೇಕು,
ಆಮೇಲೆ ಇನ್ನೊಂದನ್ನು ಅದರ ಪಕ್ಕಕ್ಕೆ ತರಬೇಕು.
ನಡುವೆ ಒಂದು ಗಳಿಗೆ
ಪಾದಗಳೆರಡೂ ಎರಡು ದಿಕ್ಕಿಗೆ.
ಫಿಲೋಮಿನಾ ಅಕ್ಕ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕೇಳುತ್ತಾರೆ,
‘ಯಾವ ನಾಟಕ ಸಾರ್?’

ಬೆಟ್ಟ ಇರುವುದು ಜಪಾನಿನ ಉತ್ತರದ ದ್ವೀಪದಲ್ಲಿ.
ಕಣದಲ್ಲಿ ಸುರಿದ ರಾಗಿ ರಾಶಿಯ ಆಕಾರ,
ಬಣ್ಣ ಮಾತ್ರ ಅಕ್ಕಿಯದು.
ನೆತ್ತಿಯಲ್ಲಿ ಗುಂಡಿ. ಬೆಂಕಿ ಮಲಗಿದೆ ಅನ್ನುತ್ತಾರೆ,
ಸತ್ತಿದೆ ಎಂದು ಯಾರೂ ಅನ್ನುವುದಿಲ್ಲ.

ಖರ್ಚಿಗೆ ಆರು ವರ್ಷ ಕಟ್ಟಿದ ಚೀಟಿ.
ರತ್ನಪ್ರಭ ಅಡುಗೆಮನೆಗೆ ಟೈಲ್ಸ್ ಅಂದಿದ್ದಳು.
ಈಗ ಅನ್ನುವುದಿಲ್ಲ.
ಅನ್ನದೆ ಇರುವುದನ್ನು ಪಾತ್ರೆಗಳಿಗೆ ಹೇಳಿಕೊಡುತ್ತಾಳೆ.

ಇಪ್ಪತ್ತೆರಡರಲ್ಲಿ, ಪಲ್ಟನ್ನಿನ ಹುಡುಗ, ಗುಲ್ಮಾರ್ಗದಲ್ಲಿ
ನಾನು ಜಾರುವುದನ್ನು ಕಲಿತೆ.
ಐವತ್ತೊಂದರಲ್ಲಿ ಹತ್ತುವುದು.
ಹಲಗೆಯ ಅಡಿಗೆ ಅಂಟಿಸುವ ತುಪ್ಪಳದ ಪಟ್ಟಿ
ಬೆಕ್ಕಿನ ಬೆನ್ನಿನ ಹಾಗೆ:
ಒಂದು ಕಡೆಗೆ ಸವರಿದರೆ ನುಣುಪು,
ಇನ್ನೊಂದು ಕಡೆಗೆ ಮುನಿಸು.
ಆ ಮುನಿಸೇ ಹಿಡಿದು ನಿಲ್ಲಿಸುವುದು ಇಳಿಜಾರಿನಲ್ಲಿ.

ಮೇಣ ಕರಗಿಸಲು ಇಸ್ತ್ರಿ ಗಾಡಿಯ ಮುನಿಕೃಷ್ಣಪ್ಪ.
ಕೆಂಡ ಊದಿ, ಹಲಗೆಯನ್ನು ಮೇಲೆ ಕೆಳಗೆ ನೋಡಿ,
‘ಇದಕ್ಕೆ ಗೆರೆ ಎಲ್ಲಿ ಹಾಕಲಿ?’ ಅಂದ.

ಯಶವಂತಪುರದ ಐಸ್‌ಕ್ರೀಂ ಗೋದಾಮಿನಲ್ಲಿ
ದಸ್ತಗೀರ್ ನಲವತ್ತು ನಿಮಿಷ ಬಿಡುತ್ತಾನೆ, ಮೈನಸ್ ಇಪ್ಪತ್ತಕ್ಕೆ.
ಸ್ಟ್ರಾಬೆರಿ ಡಬ್ಬಗಳ ನಡುವೆ ಕೈಗವಸು ತೊಟ್ಟೇ
ಬಕಲ್ ಬಿಚ್ಚುತ್ತೇನೆ, ಹಾಕುತ್ತೇನೆ, ಬಿಚ್ಚುತ್ತೇನೆ.
ಬೆರಳು ಮರೆತುಹೋದ ಮೇಲೂ
ಗಂಟು ನೆನಪಿರಬೇಕು.

ಮಗಳು ಹಿಮಕುಸಿತದ ಯಂತ್ರವನ್ನು
ಎದುರಿನ ಕಟ್ಟಡದ ಮರಳ ರಾಶಿಯಲ್ಲಿ ಹೂತಳು.
ಬೀಪ್ ಹಿಡಿದು ಹುಡುಕಿದೆ. ನಾಲ್ಕು ನಿಮಿಷ.
ಬೀದಿನಾಯಿ ಒಂದು ನನಗಿಂತ ಮೊದಲೇ ಕೆದರುತ್ತಿತ್ತು.
ರತ್ನಪ್ರಭ ಗೇಟಿಗೆ ಒರಗಿ ಕೇಳಿದಳು:
‘ಅಡಿಯಲ್ಲಿ ನೀವಿದ್ದರೆ?’
‘ಏಳುಮಲೈ ಇರುತ್ತಾನೆ.’
‘ಹೆಸರಲ್ಲೇ ಏಳು ಬೆಟ್ಟ’ ಎಂದಳು, ನಗದೆ.
ಆದರೆ ಮರುದಿನ ಅವನನ್ನು ಕರೆದು, ಊಟ ಹಾಕಿ,
ಅದೇ ಮರಳಲ್ಲಿ ತಾನೇ ಹೂತಿಟ್ಟು,
ಗಡಿಯಾರ ನೋಡುತ್ತಾ ನಿಂತಳು.

ಭಾನುವಾರ ಲಾಲ್‌ಬಾಗಿನ ಬಂಡೆ.
ಮುನ್ನೂರು ಕೋಟಿ ವರ್ಷ, ಫಲಕ ಹೇಳುತ್ತದೆ.
ಇದೂ ಒಂದು ಕಾಲಕ್ಕೆ ಒಳಗೆ ಕುದಿದದ್ದೇ.
ಈಗ ಇದರ ಬೆನ್ನ ಮೇಲೆ ಚುರುಮುರಿ ಚೆಲ್ಲುತ್ತಾರೆ.
ಅಂಗೈ ಇಟ್ಟೆ. ಬಿಸಿಲಿನ ಬಿಸಿ, ಅಷ್ಟೆ.
ಅಷ್ಟು ತಣಿಯಲು ಎಷ್ಟು ಹೊತ್ತು ಬೇಕಾಯಿತೋ.

ನನ್ನ ದಿನದ ಕೆಲಸ ಲಿಫ್ಟ್ ರಿಪೇರಿ.
ಕೇಬಲ್ಲಿಗೆ ಗ್ರೀಸ್ ಸವರಿ, ಎಲ್ಲ ಸರಿ ಎಂದು ಸಹಿ ಹಾಕಿ,
ಹದಿನೆಂಟು ಕಿಲೋ ಸೋನಾ ಮಸೂರಿ ಬೆನ್ನಿಗೇರಿಸಿ
ಮೆಟ್ಟಿಲು ಹಿಡಿಯುತ್ತೇನೆ.
ವಾಚ್‌ಮನ್ ಲಿಫ್ಟನ್ನು ಅನುಮಾನದಿಂದ ನೋಡುತ್ತಾನೆ.

ಏಳುಮಲೈಯ ನಿಯಮ ಒಂದೇ:
ಹೊತ್ತು ಮುಗಿದರೆ, ಎಲ್ಲಿದ್ದರೂ, ತಿರುಗು.
ಶಿಖರ ಹತ್ತು ಹೆಜ್ಜೆ ಇದ್ದರೂ ತಿರುಗು.
ಕಾಲಿಗೆ ಹೇಳುವುದು ಸುಲಭ.
ಕಣ್ಣಿಗೆ ಹೇಳಿನೋಡು.

ಇವತ್ತು ಗಂಟೆ ಹೊಡೆದಾಗ ಹದಿನೇಳನೇ ಮಹಡಿ.
ಮೇಲೆ ಒಂದೇ ಒಂದು.
ಅಲ್ಲಿಯ ಪುಟ್ಟ ಹುಡುಗಿ ದಿನವೂ ಕಾಯುತ್ತಾಳೆ,
ಸ್ಟೀಲ್ ಲೋಟದಲ್ಲಿ ನೀರು ಹಿಡಿದು.
ಕಟಕಟೆಯ ಮೇಲೆ ಬಗ್ಗಿ ಕರೆದಳು,
‘ಅಂಕಲ್, ಬರಲ್ವಾ?’

ಬೆವರು ಹುಬ್ಬಿನಿಂದ ಬಾಯಿಗೆ ಇಳಿಯಿತು.
ಒಂದು ಕಾಲೆತ್ತಿ, ಹಿಂದಕ್ಕೆ ಹೊರಳಿಸಿ, ಊರಿದೆ.
ಇನ್ನೊಂದು
ಇನ್ನೂ ಮೇಲಕ್ಕೇ ನೋಡುತ್ತಿತ್ತು.